ಚಿಕೋರಿ ಬೆರೆತರೆ ಕಾಫಿ ಕೆಟ್ಟಿತೇ?

ಕಳೆದ ತಿಂಗಳು ಬೆಂಗಳೂರಿನ ಹೊಸ ಕಾಫಿ ಮಳಿಗೆಯೊಂದರಲ್ಲಿ, ಮನೆಯಲ್ಲಿ ನಾನು ಚಿಕೋರಿ ಬೆರೆಸಿದ ಪುಡಿಯನ್ನೇ ಬಳಸುತ್ತೇನೆಂದು ಮಾತಿನ ನಡುವೆ ಹೇಳಿದೆ. ಕಾಫಿ ಮಾಡಿಕೊಡುತ್ತಿದ್ದ ಹುಡುಗ ಕನಿಕರದಿಂದ ನೋಡಿ, "ಅದು ಕಾಫಿಯೇ ಅಲ್ಲ ಸರ್, ಕಲಬೆರಕೆ" ಎಂದ. ಆಗ ದುಡ್ಡು ಕೊಟ್ಟು ಸುಮ್ಮನೆ ಎದ್ದು ಬಂದೆನಾದರೂ ಆ ಮಾತು ಇನ್ನೂ ಗಂಟಲಿನಿಂದ ಇಳಿದಿಲ್ಲ.

ಚಿಕೋರಿ ಒಂದು ಗಿಡದ ಬೇರು. ಅದನ್ನು ಒಣಗಿಸಿ, ಹುರಿದು ಪುಡಿ ಮಾಡುತ್ತಾರೆ. ಅದರಲ್ಲಿ ಕೆಫೀನ್ ಇಲ್ಲ. ಕಾಫಿಯ ಲೋಟಕ್ಕೆ ಅದು ಬಂದದ್ದು ಅಭಾವದ ದಾರಿಯಿಂದ ಎಂಬುದು ನಿಜ. ಹಿಂದಿನ ಜರ್ಮನ್ ರಾಜ್ಯವಾದ ಪ್ರಷ್ಯಾದ ದೊರೆ ಎರಡನೆಯ ಫ್ರೆಡರಿಕ್, ಕಾಫಿಯ ಹೆಸರಿನಲ್ಲಿ ದೇಶದ ಹಣ ಪರದೇಶದ ಪಾಲಾಗುತ್ತಿದೆಯೆಂದು ಸಿಟ್ಟಾಗಿ, 1781ರಲ್ಲಿ ಬೀಜ ಹುರಿಯುವ ಹಕ್ಕನ್ನೇ ಸರ್ಕಾರದ ವಶಕ್ಕೆ ತೆಗೆದುಕೊಂಡ. ಕದ್ದು ಹುರಿಯುವವರನ್ನು ವಾಸನೆ ಹಿಡಿದು ಪತ್ತೆ ಮಾಡಲು ಮಾಜಿ ಸೈನಿಕರನ್ನು ಬೀದಿಗೆ ಬಿಟ್ಟ. (ನಮ್ಮ ಬೀದಿಯಲ್ಲಿ ಆ ಕೆಲಸಕ್ಕೆ ಜನ ಸಾಲುಗಟ್ಟಿ ನಿಲ್ಲುತ್ತಿದ್ದರು.) ಕಾಫಿ ಸಿಗದ ಜನ ಚಿಕೋರಿಯತ್ತ ತಿರುಗಿದರು. 1806ರಲ್ಲಿ ನೆಪೋಲಿಯನ್ ಬ್ರಿಟನ್ನಿನ ವ್ಯಾಪಾರಕ್ಕೆ ದಿಗ್ಬಂಧನ ಹಾಕಿದಾಗ ಫ್ರೆಂಚರಿಗೂ ಬೀಜ ದುರ್ಲಭವಾಗಿ, ಚಿಕೋರಿ ಮನೆಮನೆಯನ್ನು ಸೇರಿತು. ಅಮೆರಿಕದ ಅಂತರ್ಯುದ್ಧದಲ್ಲಿ ನ್ಯೂ ಆರ್ಲಿಯನ್ಸ್ ನಗರವೂ ಇದೇ ಕಷ್ಟ ಕಂಡಿತು. ಆದರೆ ಬೀಜ ಧಾರಾಳವಾಗಿ ಸಿಗತೊಡಗಿದ ಮೇಲೂ ಆ ಊರಿನವರು ಚಿಕೋರಿಯನ್ನು ಬಿಡಲಿಲ್ಲ. ಇಂದಿಗೂ ಅದಕ್ಕೆ ಬಿಸಿ ಹಾಲು ಬೆರೆಸಿ ಹೆಮ್ಮೆಯಿಂದ ಕುಡಿಯುತ್ತಾರೆ.

ಇನ್ನು, ಏನೂ ಬೆರೆಸದ ಕಾಫಿಯೇ ಕಾಫಿ ಎನ್ನುವುದಾದರೆ ಲೋಕದಲ್ಲಿ ಉಳಿಯುವವರು ಯಾರು? ಕಾಫಿಯ ತವರಾದ ಇಥಿಯೋಪಿಯಾದಲ್ಲಿ ಅತಿಥಿಯ ಕಣ್ಣೆದುರೇ ಹಸಿ ಬೀಜವನ್ನು ಹುರಿದು, ಕುಟ್ಟಿ, ಜಬೆನಾ ಎಂಬ ಮಣ್ಣಿನ ಹೂಜಿಯಲ್ಲಿ ಕುದಿಸಿ ಮೂರು ಸುತ್ತು ಬಡಿಸುತ್ತಾರೆ. ಅಲ್ಲಿಯೂ ಕೆಲವೆಡೆ ಉಪ್ಪನ್ನೋ ಬೆಣ್ಣೆಯನ್ನೋ ಹಾಕುವ ರೂಢಿಯಿದೆ. ಅರಬರ ಕಾಫಿಗೆ ಏಲಕ್ಕಿ ಬೇಕು. ವಿಯೆಟ್ನಾಮಿನಲ್ಲಿ ತಾಜಾ ಹಾಲು ಸಾಲದೆ ಡಬ್ಬಿಯ ಸಿಹಿ ಹಾಲು ರೂಢಿಯಾಯಿತು; 1946ರಲ್ಲಿ ಹಾಲಿಗೆ ಬರ ಬಂದಾಗ ಹನೋಯ್ ನಗರದ ಒಬ್ಬ ಬಾರ್‌ಟೆಂಡರ್ ಮೊಟ್ಟೆಯ ಹಳದಿಯನ್ನು ನೊರೆಯೆಬ್ಬಿಸಿ ಕಾಫಿಯ ಮೇಲೆ ಸುರಿದ. ಇಟಲಿಯವರ ಎಸ್ಪ್ರೆಸೊವನ್ನು ನೋಡೋಣವೆಂದರೆ, ಅದರ ದಟ್ಟ ನೊರೆಗಾಗಿ ಅನೇಕರು ಅರೇಬಿಕಾದ ಜೊತೆಗೆ ರೊಬಸ್ಟಾ ಎಂಬ ಇನ್ನೊಂದು ಜಾತಿಯ ಕಾಫಿ ಬೀಜವನ್ನು ಬೆರೆಸುತ್ತಾರೆ. ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶ ಇಟಲಿಯೇ ಆದ್ದರಿಂದ, ಆ ನೊರೆಯಲ್ಲಿ ಕೊಡಗಿನ ತೋಟದ ಪಾಲೂ ಇದ್ದೀತು.

ನಮ್ಮ ಫಿಲ್ಟರಿನ ವಿಷಯದಲ್ಲಂತೂ ಚಿಕೋರಿಗೆ ಬೇರೆಯೇ ಕೆಲಸವಿದೆ. ಮೇಲಿನ ಬಟ್ಟಲಿಗೆ ಪುಡಿ ಹಾಕಿ, ಬಿಲ್ಲೆಯಿಂದ ಹದವಾಗಿ ಒತ್ತಿ, ಕುದಿನೀರು ಸುರಿದಾಗ ಚಿಕೋರಿ ನೀರನ್ನು ಹೀರಿ ಹಿಡಿದುಕೊಳ್ಳುವುದರಿಂದ ಡಿಕಾಕ್ಷನ್ ತೊಟ್ಟುತೊಟ್ಟಾಗಿ, ಗಟ್ಟಿಯಾಗಿ ಇಳಿಯುತ್ತದೆ. ಅರ್ಧ ಲೋಟ ಹಾಲು ಬಿದ್ದರೂ ತನ್ನ ಬಣ್ಣವನ್ನೂ ಕಹಿಯನ್ನೂ ಬಿಟ್ಟುಕೊಡದ ಡಿಕಾಕ್ಷನ್ ಅದು. ಬರೀ ಬೀಜದ ಪುಡಿಯನ್ನು ಅದೇ ಫಿಲ್ಟರಿಗೆ ಹಾಕಿ ನೋಡಿದ್ದೇನೆ: ಪರಿಮಳವೇನೋ ಚೆನ್ನಾಗಿತ್ತು, ಹಾಲು ಬಿದ್ದೊಡನೆ ಸೊಲ್ಲೆತ್ತದೆ ಮುಳುಗಿಹೋಯಿತು.

ಹಾಗೆಂದು ನಾನು ಎಲ್ಲ ಚಿಕೋರಿಯ ವಕೀಲನಲ್ಲ. ಮಿಶ್ರಣದ ನೂರು ಭಾಗದಲ್ಲಿ ಕನಿಷ್ಠ 51 ಭಾಗ ಕಾಫಿ ಇರಬೇಕೆಂದು ನಮ್ಮ ನಿಯಮ ಹೇಳುತ್ತದೆ. ನನ್ನ ಮಟ್ಟಿಗೆ ಅದು ತೀರಾ ಉದಾರವಾದ ನಿಯಮ. ಕಪ್ಪಗೆ, ಬೆಲ್ಲದ ಪಾಕದಂತೆ ನಾಲಗೆಗೆ ಅಂಟುವ ಕೆಲವು ಹೋಟೆಲ್ ಕಾಫಿಗಳನ್ನು ಕುಡಿದಾಗ ಆ ಹುಡುಗನ ಮಾತು ಸರಿಯೆಂದೇ ತೋರುತ್ತದೆ. ಆದರೆ ಪುಡಿ ಅಂಗಡಿಯವರು "ಎಷ್ಟು ಹಾಕಲಿ?" ಎಂದು ಕೇಳಿ, ನಾನು "ಎಂಬತ್ತು ಇಪ್ಪತ್ತು" ಎಂದು ಹೇಳಿ, ನನ್ನ ಎದುರಿನಲ್ಲೇ ತೂಗಿ ಬೆರೆಸಿಕೊಟ್ಟ ಪೊಟ್ಟಣವನ್ನು, ಇನ್ನೂ ಬೆಚ್ಚಗಿರುವಾಗಲೇ ಚೀಲದಲ್ಲಿಟ್ಟುಕೊಂಡು ಮನೆಗೆ ಬರುವ ನನಗೆ ಕಲಬೆರಕೆಯ ಲೆಕ್ಕ ಯಾರೂ ಹೇಳಬೇಕಾಗಿಲ್ಲ.