ಕಾರು ಅಂಗಳದವರೆಗೆ ಬರುತ್ತದೆ

ಗೋಣಿಕೊಪ್ಪದ ಒಂದು ಪ್ರಿಂಟಿಂಗ್ ಅಂಗಡಿಯಲ್ಲಿ ಲೇಬಲ್, ಬೋರ್ಡ್ ಡಿಸೈನ್ ಮಾಡುವುದು ನನ್ನ ಕೆಲಸ. ಬರುವವರಲ್ಲಿ ಜಾಸ್ತಿ ಜನ ಸಣ್ಣ ಬೆಳೆಗಾರರು, ಹೋಂಸ್ಟೇ ನಡೆಸುವವರು, ಮನೆಯಲ್ಲೇ ಕಾಫಿಪುಡಿ, ಉಪ್ಪಿನಕಾಯಿ ಮಾಡಿ ಮಾರುವ ಹೆಂಗಸರು. "ಮೇಲೆ ದಪ್ಪಕ್ಷರದಲ್ಲಿ ಚೆನ್ನಾಗಿರೋದು ಒಂದು ಲೈನ್ ಹಾಕಿ" ಅನ್ನುತ್ತಾರೆ. ಯಾವ ಲೈನ್ ಅಂತ ಕೇಳಿದರೆ "ಪ್ರಕೃತಿಯ ಮಡಿಲಲ್ಲಿ".

ನನಗೆ ಬೇಜಾರಾಗುತ್ತದೆ. ಮಡಿಕೇರಿಯಿಂದ ಭಾಗಮಂಡಲದವರೆಗೆ ಯಾವ ಹೋಂಸ್ಟೇ ಪ್ರಕೃತಿಯ ಮಡಿಲಲ್ಲಿ ಇಲ್ಲ ಹೇಳಿ? ಪಕ್ಕದ ಮನೆ ಬೋರ್ಡಿಗೂ ಹೊಂದುವ ಮಾತಿಗೆ ನೀವು ಯಾಕೆ ದುಡ್ಡು ಕೊಡಬೇಕು?

ನಾಪೋಕ್ಲು ಕಡೆಯ ಒಬ್ಬರು ಹಿರಿಯರು ತಮ್ಮ ಹೋಂಸ್ಟೇಗೆ ಬೋರ್ಡ್ ಮಾಡಿಸಲು ಬಂದಿದ್ದರು. ನಾನು ಕೇಳಿದೆ, "ಅಂಕಲ್, ಫೋನ್ ಮಾಡಿದವರು ಮೊದಲು ಏನು ಕೇಳ್ತಾರೆ?"

"ಅದೇ ಅಮ್ಮಾ, ಕಾರು ಮನೆತನಕ ಬರುತ್ತಾ, ಇಲ್ಲ ಜೀಪಿಗೆ ಹತ್ತಬೇಕಾ ಅಂತ. ವಯಸ್ಸಾದ ಅಪ್ಪ ಅಮ್ಮನ್ನ ಕರ್ಕೊಂಡು ಬರೋರು ಇರ್ತಾರಲ್ಲ."

"ಬರುತ್ತಾ?"

"ಅಂಗಳದವರೆಗೆ ಬರುತ್ತೆ."

ಅಷ್ಟೇ. "ಕಾರು ಅಂಗಳದವರೆಗೆ ಬರುತ್ತದೆ" ಅಂತ ದಪ್ಪಕ್ಷರದಲ್ಲಿ ಹಾಕಿದೆವು. ಮಂಡಿನೋವಿನ ಅಮ್ಮನನ್ನು ಕರೆದುಕೊಂಡು ಹೊರಟ ಮಗಳಿಗೆ ಇದಕ್ಕಿಂತ ದೊಡ್ಡ ಸಮಾಧಾನ ಯಾವುದಿದೆ?

1958ರಲ್ಲಿ ಡೇವಿಡ್ ಓಗಿಲ್ವಿ ಅನ್ನುವ ಹೆಸರಾಂತ ಜಾಹೀರಾತು ಬರಹಗಾರರು ರೋಲ್ಸ್ ರಾಯ್ಸ್ ಕಾರಿಗೆ ಜಾಹೀರಾತು ಬರೆದರು. ಗಂಟೆಗೆ 60 ಮೈಲಿ ಓಡುವಾಗ ಈ ಕಾರಿನೊಳಗೆ ಕೇಳುವ ಅತಿ ದೊಡ್ಡ ಸದ್ದು ಅದರ ಗಡಿಯಾರದ್ದು ಅನ್ನುವುದು ಅದರ ತಲೆಬರಹ. ಐಷಾರಾಮಿ, ಅದ್ಭುತ ಅನ್ನುವ ಮಾತೇ ಆ ಸಾಲಿನಲ್ಲಿ ಇಲ್ಲ. ಅವರು ಕಾರಿನ ಬಗ್ಗೆ ಮೂರು ವಾರ ಓದಿದ್ದರಂತೆ. ಸಾಲು ಸಿಕ್ಕಿದ್ದು ಒಂದು ಮೋಟಾರು ಪತ್ರಿಕೆಯ ವರದಿಯಲ್ಲಿ. ನನಗೆ ಧೈರ್ಯ ಕೊಡುವುದು ಇದೇ. ಒಳ್ಳೆಯ ತಲೆಬರಹ ಹುಡುಕಲು ಕವಿಯಾಗಬೇಕಿಲ್ಲ. ವಸ್ತುವಿನ ಬಗ್ಗೆ ತಾಳ್ಮೆಯಿಂದ ಕೇಳಿ ತಿಳಿದುಕೊಂಡರೆ ಅದು ಅಲ್ಲೇ ಇರುತ್ತದೆ.

ಇನ್ನೊಂದು ಮಾತು, ಇದು ಕನ್ನಡದಲ್ಲಿ ಡಿಸೈನ್ ಮಾಡುವವರಿಗೆ. "ಉತ್ಕೃಷ್ಟ", "ಸ್ವಾದಿಷ್ಟ" ಅಂತ ಬರೆದು ಹತ್ತು ಅಡಿ ದೂರ ನಿಂತು ನೋಡಿ. ಒತ್ತಕ್ಷರಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಕಪ್ಪು ಮಚ್ಚೆಯ ಹಾಗೆ ಕಾಣುತ್ತವೆ. ಮಳೆಗಾಲದಲ್ಲಿ, ಮಂಜಿನಲ್ಲಿ, ಓಡುವ ಕಾರಿನಿಂದ ಓದುವವರ ಗತಿ ಏನು? "ರುಚಿ" ಓದಲು ಸುಲಭ. "ಅಂಗಳ" ಇನ್ನೂ ಸುಲಭ.

ಈಗ ಮನಸ್ಸಿಗೆ ಚುಚ್ಚುವ ಒಂದು ವಿಷಯ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಕಾಫಿಪುಡಿ ಪ್ಯಾಕೆಟ್ಟಿಗೆ "ಶುದ್ಧ ಕೊಡಗಿನ ಕಾಫಿ" ಅಂತ ಹಾಕಿಕೊಟ್ಟೆ. ಒಳಗೆ ಚಿಕೋರಿ ಇತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ ಕಾಫಿ 51, ಚಿಕೋರಿ 49 ಅಂತಲೂ ನಾನೇ ಟೈಪ್ ಮಾಡಿದ್ದೆ. ಚಿಕೋರಿ ಬೆರೆಸುವುದು ತಪ್ಪಲ್ಲ. ಕಾಫಿ ಕನಿಷ್ಠ 51 ಭಾಗ ಇರಬೇಕು, ಪ್ರಮಾಣವನ್ನು ಲೇಬಲ್ಲಿನ ಮೇಲೆ ಹೇಳಬೇಕು ಅನ್ನುವುದು ನಿಯಮ. ತಪ್ಪಾಗಿದ್ದು ಮೇಲಿನ ಸಾಲು. ಕೆಳಗಿನ ಸಾಲು ನಿಜ ಹೇಳುತ್ತಿದ್ದರೆ ಮೇಲಿನದು ಅದನ್ನು ಮುಚ್ಚುತ್ತಿತ್ತು. ಜನ ಓದುವುದು ಮೇಲಿನದನ್ನೇ, ಅಲ್ವಾ? 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ದಂಡದ ಮಾತು ಬಿಡಿ. ನಮ್ಮ ಊರಿನ ಹೆಸರು ನಂಬಿ ಕೊಂಡವರಿಗೆ ನಾನು ಮೋಸ ಮಾಡಿದೆ. ಆಮೇಲೆ ಅಂಥ ಲೇಬಲ್ ಮಾಡಿಕೊಟ್ಟಿಲ್ಲ. ಚಿಕೋರಿ ಇದ್ದರೆ "ಗಟ್ಟಿ ಡಿಕಾಕ್ಷನ್ ಬೇಕೆನ್ನುವವರಿಗೆ ಚಿಕೋರಿ ಬೆರೆಸಿದ ಕಾಫಿ" ಅಂತ ಮೇಲೆಯೇ ಹಾಕೋಣ ಅನ್ನುತ್ತೇನೆ. ಕೆಲವರು ಒಪ್ಪುತ್ತಾರೆ. ಕೆಲವರು ಬೇರೆ ಅಂಗಡಿಗೆ ಹೋಗುತ್ತಾರೆ.

ಮೊನ್ನೆ ಒಬ್ಬರು ಆಂಟಿ ಕಾಚಂಪುಳಿ ಬಾಟಲಿಗೆ ಲೇಬಲ್ ಮಾಡಿಸಲು ಬಂದರು. ನಮ್ಮ ಕಡೆ ಪಂದಿ ಕರಿಗೆ, ಅಂದರೆ ಹಂದಿಮಾಂಸದ ಸಾರಿಗೆ, ಹಾಕುವ ಹುಳಿ ಇದು. ಹಣ್ಣಿನ ರಸ ಇಳಿಸಿ, ಕಪ್ಪಗೆ ಗಟ್ಟಿಯಾಗುವ ತನಕ ಒಲೆಯ ಮುಂದೆ ಕೂತು ಕಾಯಿಸಿದ್ದು. "ಸಾಂಪ್ರದಾಯಿಕ ರುಚಿ ಅಂತ ಹಾಕಮ್ಮ" ಅಂದರು. ಬೆಂಗಳೂರಿನವರು ಏನು ಕೇಳುತ್ತಾರೆ ಅಂದೆ. "ಎಷ್ಟು ಹಾಕಬೇಕು ಅಂತಾರೆ. ಹುಣಸೆಹುಳಿ ತರ ಸುರಿದು ಸಾರು ಕೆಡಿಸಿಕೊಳ್ತಾರೆ, ಪಾಪ."

ಲೇಬಲ್ ನಾಳೆ ಪ್ರಿಂಟಿಗೆ ಹೋಗುತ್ತದೆ. "ಒಂದು ಕೆಜಿ ಪಂದಿ ಕರಿಗೆ ಎರಡೇ ಚಮಚ."