ಗುರುವಾರದ ಅಂಕಿ ಮತ್ತು ಒಬ್ಬ ನಿರ್ಮಾಪಕಿ

ಕನ್ನಡ ಧಾರಾವಾಹಿಯೊಂದು ಹಳ್ಳ ಹಿಡಿದರೆ ನಾವು ಬೈಯುವುದು ನಿರ್ದೇಶಕರನ್ನು, ಇಲ್ಲವೇ ಸಂಭಾಷಣೆ ಬರೆದವರನ್ನು. ನಿರ್ಮಾಪಕರು ದುಡ್ಡು ಹಾಕಿದವರು ಎಂದು ಬಿಟ್ಟುಬಿಡುತ್ತೇವೆ. ಲಂಡನ್ನಿನಲ್ಲಿ ನೆಲೆಸಿದ ಮೇಲೆ ಇಲ್ಲಿನ ಟಿವಿಯ ಹಳೆಯ ಕಥೆಗಳನ್ನು ಓದುವ ಗೀಳು ನನಗೆ ಹತ್ತಿತು. ಬ್ರಿಟಿಷ್ ಟಿವಿ ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್ ಅವರ ವೃತ್ತಿಜೀವನ ಓದಿದಾಗ, ನಮ್ಮಲ್ಲಿ ಇಂಥವರಿಗೆ ಜಾಗವೇ ಇಲ್ಲವಲ್ಲ ಎಂದು ಹೊಟ್ಟೆಕಿಚ್ಚಾಯಿತು.

1935ರಲ್ಲಿ ಹುಟ್ಟಿದ ಲ್ಯಾಂಬರ್ಟ್ ಟಿವಿ ಕಂಪನಿಗಳಲ್ಲಿ ಕಚೇರಿಯ ಸಣ್ಣಪುಟ್ಟ ಕೆಲಸಗಳಿಂದ ಮೇಲೆ ಬಂದವರು. 1958ರಲ್ಲಿ ನೇರಪ್ರಸಾರದ ನಾಟಕವೊಂದರ ನಡುವೆಯೇ ನಟರೊಬ್ಬರು ತೀರಿಕೊಂಡರು. ಉಳಿದ ನಟರಿಗೆ ದಾರಿ ಹೇಳಲು ನಿರ್ದೇಶಕರು ಸ್ಟುಡಿಯೋಗೆ ಇಳಿದು ಹೋದರು. ಸಹಾಯಕಿಯಾಗಿದ್ದ ಈಕೆ ಕ್ಯಾಮೆರಾಗಳಿಗೆ ಸೂಚನೆ ಕೊಡುತ್ತಾ ನಾಟಕವನ್ನು ದಡ ಮುಟ್ಟಿಸಿದರು.

1963ರಲ್ಲಿ ಬಿಬಿಸಿಯ ನಾಟಕ ವಿಭಾಗದ ಮುಖ್ಯಸ್ಥ ಸಿಡ್ನಿ ನ್ಯೂಮನ್ ಈಕೆಯನ್ನು ಅಲ್ಲಿಗೆ ಕರೆದು, ಕಾಲಯಾನದ ಕಥೆಗಳ 'ಡಾಕ್ಟರ್ ಹೂ' ಸರಣಿಯನ್ನು ಒಪ್ಪಿಸಿದರು. ಆಗ ಆಕೆಗೆ 27. ಅಲ್ಲಿನ ನಾಟಕ ವಿಭಾಗದಲ್ಲಿ ಬೇರೆ ನಿರ್ಮಾಪಕಿಯೇ ಇರಲಿಲ್ಲ. ಮೊದಲ ಕಥೆಯ ನಿರ್ದೇಶಕ ವಾರಿಸ್ ಹುಸೇನ್, ಲಖನೌದಲ್ಲಿ ಹುಟ್ಟಿದ 24ರ ಹುಡುಗ. ಕೊಟ್ಟದ್ದು ಲೈಮ್ ಗ್ರೋವ್‌ನ ಇಕ್ಕಟ್ಟಾದ, ಸೆಕೆ ಹೊಡೆಯುವ ಸ್ಟುಡಿಯೋ. ಡೇಲೆಕ್ ಎಂಬ ಯಂತ್ರಜೀವಿಗಳ ಕಥೆ ಬಂದಾಗ ವಿಭಾಗದ ಹಿರಿಯ ಡೊನಾಲ್ಡ್ ವಿಲ್ಸನ್ ಅದನ್ನು ಮಾಡಲೇಬಾರದು ಎಂದರು. ಲ್ಯಾಂಬರ್ಟ್ ಜಗ್ಗಲಿಲ್ಲ. ಅದು ಪ್ರಸಾರವಾಗಿ ಮಕ್ಕಳು ಹುಚ್ಚೆದ್ದು ನೋಡತೊಡಗಿದ ಮೇಲೆ ವಿಲ್ಸನ್, ಇನ್ನು ನಾನು ತಲೆ ಹಾಕುವುದಿಲ್ಲ ಎಂದರು. ಸೋತದ್ದನ್ನು ಒಪ್ಪಿಕೊಂಡ ಆ ಮೇಲಧಿಕಾರಿಯ ಬಗ್ಗೆಯೂ ನನಗೆ ಗೌರವವಿದೆ.

ಆಕೆಗೆ ಈ ಧೈರ್ಯ ಬರಲು ಸ್ವಭಾವದ ಜೊತೆಗೆ ವ್ಯವಸ್ಥೆಯೂ ಕಾರಣ. ಆಕೆ ಬಿಬಿಸಿಯ ಸಂಬಳದಾರರು, ಸ್ವಂತ ಮನೆ ಅಡವಿಟ್ಟಿರಲಿಲ್ಲ. ಚಿತ್ರಕಥೆ, ನಟರ ಆಯ್ಕೆ, ಖರ್ಚಿನ ಲೆಕ್ಕ ಎಲ್ಲಕ್ಕೂ ಉತ್ತರ ಹೇಳಬೇಕಾದವರು ಮಾತ್ರ ಅವರೇ. ಬೆಂಗಳೂರಿನಲ್ಲಿ ನಿರ್ಮಾಪಕರು ಕಂತಿಗೆ ಇಷ್ಟು ಎಂದು ವಾಹಿನಿಯೊಡನೆ ಒಪ್ಪಂದ ಮಾಡಿಕೊಂಡು, ದಿನಕ್ಕೊಂದು ಕಂತನ್ನು ಹೊತ್ತಿಗೆ ಸರಿಯಾಗಿ ತಲುಪಿಸಬೇಕು. ಗುರುವಾರ ಟಿಆರ್‌ಪಿ ಬರುತ್ತದೆ. ಅಂಕಿ ಇಳಿದರೆ ವಾಹಿನಿಯಿಂದ ಫೋನು, ಮುಂದಿನ ವಾರ ನಾಯಕಿಗೆ ಅಪಘಾತ. ಬೇಡ ಎಂದರೆ ಪ್ರಸಾರದ ಸಮಯವೇ ಕೈತಪ್ಪುತ್ತದೆ. ಸಾಲ ತಂದು ಸೆಟ್ ಹಾಕಿದವರು ಹೇಗೆ ಬೇಡ ಎಂದಾರು? ಅವರನ್ನು ಹೇಡಿಗಳೆನ್ನಲು ನನಗೆ ಬಾಯಿ ಬರುವುದಿಲ್ಲ.

ಇಲ್ಲಿ ಬ್ರಿಟನ್ನಿನಲ್ಲಿ ಎಲ್ಲವೂ ಸೊಗಸು ಎಂದೇನಿಲ್ಲ. ವಾರಕ್ಕೆ ನಾಲ್ಕು ದಿನ ಅಳುವ ಧಾರಾವಾಹಿಗಳು ಇಲ್ಲೂ ಇವೆ. ಲ್ಯಾಂಬರ್ಟ್ ಅವರ ಸ್ವಂತ ಸಂಸ್ಥೆಯೂ ಕೈಜೋಡಿಸಿ, ಸ್ಪೇನಿನಲ್ಲಿ ಊರನ್ನೇ ಕಟ್ಟಿ 1992ರಲ್ಲಿ ಬಿಬಿಸಿಗಾಗಿ ಶುರುಮಾಡಿದ 'ಎಲ್ಡೊರಾಡೊ' ಧಾರಾವಾಹಿ ಜನರ ನಗೆಪಾಟಲಿಗೆ ಈಡಾಗಿ ಒಂದೇ ವರ್ಷಕ್ಕೆ ನಿಂತಿತು. ಅಷ್ಟಕ್ಕೇ ಯಾರೂ ಆಕೆಯನ್ನು ಮನೆಗೆ ಕಳಿಸಲಿಲ್ಲ. 'ಜೊನಾಥನ್ ಕ್ರೀಕ್' ಎಂಬ ಪತ್ತೇದಾರಿ ಸರಣಿಯನ್ನು ಮುಂದೆ ಅದೇ ಬಿಬಿಸಿಗೆ ನಿರ್ಮಿಸಿದರು. 2007ರಲ್ಲಿ ತೀರಿಕೊಳ್ಳುವವರೆಗೂ ಕೆಲಸ ಬಿಡಲಿಲ್ಲ. ನಮ್ಮಲ್ಲಿ ಒಂದು ಧಾರಾವಾಹಿ ಮಗುಚಿದರೆ ಆ ನಿರ್ಮಾಪಕರ ಫೋನನ್ನು ಯಾರೂ ಎತ್ತುವುದಿಲ್ಲ ಎನ್ನುತ್ತಾರೆ ಗಾಂಧಿನಗರ ಬಲ್ಲ ನನ್ನ ಸ್ನೇಹಿತರು.

ನಮ್ಮವರಿಗೆ ಕೈಲಾಗದು ಎಂದಲ್ಲ. ದೂರದರ್ಶನಕ್ಕಾಗಿ 1986ರಲ್ಲಿ ಶಂಕರ್ ನಾಗ್ ಆಗುಂಬೆಯಲ್ಲಿ 'ಮಾಲ್ಗುಡಿ ಡೇಸ್' ಚಿತ್ರೀಕರಿಸಿದರು. ಅದರ ಹಿಂದೆ ಟಿ. ಎಸ್. ನರಸಿಂಹನ್ ಎಂಬ ನಿರ್ಮಾಪಕರಿದ್ದರು. ಆ ಹೆಸರು ನಮ್ಮಲ್ಲಿ ಎಷ್ಟು ಜನರ ಬಾಯಲ್ಲಿದೆ? ದೂರದರ್ಶನದ ಕಾಲದಲ್ಲಿ ಎಷ್ಟೋ ಧಾರಾವಾಹಿಗಳಿಗೆ 13 ಕಂತು ಎಂದರೆ ಹದಿಮೂರೇ. ಕಥೆಗೆ ಕೊನೆ ಎಲ್ಲಿ ಎಂಬುದು ಬರೆಯುವವರಿಗೆ ಮೊದಲೇ ಗೊತ್ತಿರುತ್ತಿತ್ತು.

ಕನ್ನಡದ ಯಾವುದಾದರೂ ವಾಹಿನಿ ಒಂದೇ ಒಂದು ಧಾರಾವಾಹಿಗೆ ಈ ಪದ್ಧತಿಯನ್ನು ಮರಳಿ ತಂದು ನೋಡಲಿ. ಮೂವತ್ತರೊಳಗಿನ ಯಾರಿಗಾದರೂ ಸಂಬಳ ಕೊಟ್ಟು ನಿರ್ಮಾಪಕರ ಕುರ್ಚಿಯಲ್ಲಿ ಕೂರಿಸಿ, 26 ಕಂತುಗಳನ್ನು ಒಪ್ಪಿಸಲಿ. ಕೊನೆಯ ಕಂತಿನ ಚಿತ್ರೀಕರಣ ಮುಗಿಯುವ ತನಕ ಗುರುವಾರದ ಅಂಕಿಯನ್ನು ಅವರ ಕಣ್ಣಿಗೆ ಬೀಳಿಸುವುದು ಬೇಡ.