ಏಳು ವರ್ಷದ ಮಗುವಿಗೆ ಎರಡು ವರ್ಷದ ಕಾವಲು

ನಿನ್ನೆ ಇಲ್ಲಿ ಅಮೆರಿಕದಲ್ಲಿ ನಮ್ಮ ಕನ್ನಡ ಕೂಟದ ಪಾಟ್‌ಲಕ್‌ನಲ್ಲಿ ಬಿಸಿಬೇಳೆಬಾತ್ ಬಾಯಿಗೆ ಹೋಗುವ ಮುಂಚೆಯೇ ನನಗೆ ತಲೆ ಕೆಟ್ಟಿತು. ಒಬ್ಬ ತಾಯಿ, ಪಾಪ, ಹೊಸದಾಗಿ ಬಂದವರು, ಮಗಳ ಸ್ಕೂಲಿನ ಡೇಟಾ ಕಳುವಾಗಿದೆ ಅಂತ ಪತ್ರ ಬಂದಿದೆ, ಸೋಶಿಯಲ್ ಸೆಕ್ಯುರಿಟಿ ನಂಬರೂ (ಎಸ್ಎಸ್ಎನ್, ಇಲ್ಲಿ ಸಾಲಕ್ಕೂ ಕೆಲಸಕ್ಕೂ ಕೇಳುವ ಗುರುತಿನ ನಂಬರ್) ಹೋಗಿದೆಯಂತೆ, ಏನು ಮಾಡಬೇಕು ಅಂತ ಕೇಳಿದರು. ಮಗಳಿಗೆ ಏಳು ವರ್ಷ. ಸುತ್ತ ಕೂತಿದ್ದ ಇಂಜಿನಿಯರ್ ಗಂಡಸರು (ನಾನೂ ಅದೇ ಜಾತಿ, ನಿಮಗೆ ಗೊತ್ತಲ್ಲ) ತಟ್ಟೆಯಿಂದ ತಲೆ ಎತ್ತದೆ ಹೇಳಿದರು: "ಎರಡು ವರ್ಷ ಫ್ರೀ ಪ್ರೊಟೆಕ್ಷನ್ ಕೊಟ್ಟಿರ್ತಾರೆ, ಹಾಕ್ಕೊಂಡು ಸುಮ್ನಿರಿ." ಅಂದರೆ ಆ ನಂಬರನ್ನು ಯಾರಾದರೂ ದುರುಪಯೋಗ ಮಾಡುತ್ತಾರಾ ಅಂತ ಕಾಯುವ ಸೇವೆ. ಆಮೇಲೆ ಮಾತು ಮನೆ ಸಾಲದ ಬಡ್ಡಿಗೆ ಹೋಯಿತು.

ಎರಡು ವರ್ಷ!

ಸ್ವಲ್ಪ ಲೆಕ್ಕ ಹಾಕಿ ಮಾರಾಯರೆ. ಮಗುವಿಗೆ ಈಗ ಏಳು. ಕಾವಲು ಮುಗಿಯುವಾಗ ಒಂಬತ್ತು. ಅವಳು ಕ್ರೆಡಿಟ್ ಕಾರ್ಡಿಗೋ ಕಾಲೇಜು ಸಾಲಕ್ಕೋ ಅರ್ಜಿ ಹಾಕುವುದು ಹದಿನೆಂಟಕ್ಕೆ. ನಡುವಿನ ಒಂಬತ್ತು ವರ್ಷ ಆ ನಂಬರನ್ನು ಕಾಯುವವರು ಯಾರು? ಕಳ್ಳರಿಗೆ ಮಕ್ಕಳ ನಂಬರ್ ಮೇಲೆ ಜಾಸ್ತಿ ಆಸೆ ಇರುವುದೇ ಇದಕ್ಕೆ. ದೊಡ್ಡವರಾದರೆ ಎಂದಾದರೊಂದು ದಿನ ಕ್ರೆಡಿಟ್ ರಿಪೋರ್ಟ್ ತೆಗೆದು ನೋಡಿಬಿಡುತ್ತಾರೆ. ಮಗುವಿನ ಹೆಸರಲ್ಲಿ ಯಾರೋ ಕಾರು ಸಾಲ ತೆಗೆದರೆ ಹತ್ತು ವರ್ಷ ಯಾರಿಗೂ ಗೊತ್ತಾಗುವುದಿಲ್ಲ.

ನಿನ್ನೆಯ ತಾಯಿಯ ಪತ್ರದ ವಿಷಯ ಬಿಡಿ, ಅದು ಅವರ ಮನೆಯದು. ಎಲ್ಲರಿಗೂ ಗೊತ್ತಿರುವ ಪವರ್‌ಸ್ಕೂಲ್ ಪ್ರಕರಣವನ್ನೇ ತೆಗೆದುಕೊಳ್ಳೋಣ. ಕ್ಯಾಲಿಫೋರ್ನಿಯಾದ ಫೋಲ್ಸಮ್‌ನ ಕಂಪನಿ, ಅಮೆರಿಕ ಕೆನಡಾದ ಸಾವಿರಾರು ಸ್ಕೂಲ್ ಡಿಸ್ಟ್ರಿಕ್ಟ್‌ಗಳ ಮಕ್ಕಳ ದಾಖಲೆ ಇದರ ಕೈಯಲ್ಲಿದೆ. 2024ರ ಅಕ್ಟೋಬರ್‌ನಲ್ಲಿ ಬೇನ್ ಕ್ಯಾಪಿಟಲ್ 5.6 ಬಿಲಿಯನ್ ಡಾಲರ್ ಕೊಟ್ಟು ಇದನ್ನು ಕೊಂಡಿತು. ಅದೇ ಡಿಸೆಂಬರ್‌ನಲ್ಲಿ ಕನ್ನ. ಗ್ರಾಹಕ ಸಹಾಯದ ಪೋರ್ಟಲ್‌ಗೆ ಯಾರದ್ದೋ ಕದ್ದ ಪಾಸ್‌ವರ್ಡ್ ಹಾಕಿ ಒಳಗೆ ಹೋದರು, ಅಷ್ಟೇ. ಎರಡನೇ ಬೀಗ, ಅಂದರೆ ಫೋನಿಗೆ ಕೋಡ್ ಬರುತ್ತದಲ್ಲ, ಅದು ಆ ಬಾಗಿಲಿಗೆ ಇರಲಿಲ್ಲ. ಆರು ಕೋಟಿಗೂ ಹೆಚ್ಚು ವಿದ್ಯಾರ್ಥಿಗಳ, ಸುಮಾರು 95 ಲಕ್ಷ ಶಿಕ್ಷಕರ ಮಾಹಿತಿ ತನ್ನ ಬಳಿ ಇದೆ ಅಂತ ಕದ್ದವನೇ ಹೇಳಿಕೊಂಡ. ಕಂಪನಿ ದುಡ್ಡು ಕೊಟ್ಟಿತು. ಎಲ್ಲ ಅಳಿಸಿದ್ದೇವೆ ಅಂತ ಕಳ್ಳರು ತೋರಿಸಿದ ವಿಡಿಯೋ ನೋಡಿ ನಂಬಿತು. ವಿಡಿಯೋ ನೋಡಿ! ಡೇಟಾಬೇಸ್ ಕಾಯುವುದೇ ನನ್ನ ಹೊಟ್ಟೆಪಾಡು. ಫೈಲ್ ಅಳಿಸುವ ವಿಡಿಯೋ ತೋರಿಸಿ ಕಾಪಿ ಉಳಿದಿಲ್ಲ ಅಂತ ಹೊಸದಾಗಿ ಸೇರಿದ ಇಂಟರ್ನ್ ಹೇಳಿದರೂ ನಾನು ನಗುತ್ತೇನೆ. 2025ರ ಮೇ ತಿಂಗಳಲ್ಲಿ ಅದೇ ಡೇಟಾ ಹಿಡಿದು ನಾರ್ತ್ ಕ್ಯಾರೊಲಿನಾ, ಟೊರಾಂಟೊ ಶಾಲೆಗಳಿಗೆ ಮತ್ತೆ ಬೆದರಿಕೆ ಪತ್ರ ಹೋಯಿತು. ಟೊರಾಂಟೊದಲ್ಲಂತೂ ದಾಖಲೆ 1985ರಿಂದ ಇತ್ತು. ಆಗ ಒಂದನೇ ಕ್ಲಾಸಿಗೆ ಸೇರಿದವರ ಕೂದಲು ಈಗ ನನ್ನ ಹಾಗೆ ನರೆತಿರುತ್ತದೆ, ಅವರ ಮಾಹಿತಿಯನ್ನು ಇನ್ನೂ ಯಾಕೆ ಇಟ್ಟುಕೊಂಡಿದ್ದಿರಿ ಸ್ವಾಮಿ?

ಪರಿಹಾರವಾಗಿ ಏನು ಕೊಟ್ಟರು? ಸರಿಯಾಗಿ ಊಹಿಸಿದಿರಿ. ಎರಡು ವರ್ಷ. ದೊಡ್ಡವರಿಗೆ ಕ್ರೆಡಿಟ್ ಮಾನಿಟರಿಂಗ್, ಮಕ್ಕಳಿಗೆ ಐಡೆಂಟಿಟಿ ಪ್ರೊಟೆಕ್ಷನ್. ಅದಕ್ಕೂ ನಾವೇ ಹೋಗಿ ಹೆಸರು ನೋಂದಾಯಿಸಬೇಕು, ಗಡುವಿನ ಒಳಗೆ.

"ಕನ್ನ ಹಾಕಿದ ಹುಡುಗನನ್ನು ಹಿಡಿದರಲ್ಲ" ಅನ್ನುತ್ತೀರಿ. ಹೌದು, ಮ್ಯಾಸಚೂಸೆಟ್ಸ್‌ನ 19 ವರ್ಷದ ಕಾಲೇಜು ಹುಡುಗ, ತಪ್ಪು ಒಪ್ಪಿಕೊಂಡ, ನಾಲ್ಕು ವರ್ಷ ಜೈಲು ಆಯಿತು, ಸುಮಾರು 14 ಮಿಲಿಯನ್ ಡಾಲರ್ ಕಟ್ಟಿಕೊಡು ಅಂತ ಕೋರ್ಟ್ ಹೇಳಿತು. ಆ ದುಡ್ಡು ಅವನು ಯಾವ ಜನ್ಮದಲ್ಲಿ ಕಟ್ಟುತ್ತಾನೋ. ಏಳು ವರ್ಷದ ಮಗುವಿಗೆ ಅದರಿಂದ ಬರುವುದು ಏನೂ ಇಲ್ಲ.

ಹಾಗಾದರೆ ಕಾನೂನು ಏನು ಕೊಡುತ್ತದೆ? ನಾನು ವಕೀಲನಲ್ಲ. ರಾತ್ರಿ ನಿದ್ದೆ ಬರದೆ ಓದಿದ್ದನ್ನು ಹೇಳುತ್ತಿದ್ದೇನೆ, ಓದಿದಷ್ಟೂ ಸಿಟ್ಟು ಏರಿತು. ಮಕ್ಕಳ ಶಾಲಾ ದಾಖಲೆ ಕಾಪಾಡುವುದಕ್ಕೆ ಅಂತಲೇ 1974ರಲ್ಲಿ ಫೆರ್ಪಾ ಅನ್ನುವ ಕಾನೂನು ಬಂತು. ಚೆನ್ನಾಗಿದೆ. ಆದರೆ ಅದನ್ನು ಮುರಿದರೆ ಪೋಷಕರು ಕೇಸು ಹಾಕುವಂತಿಲ್ಲ. 2002ರಲ್ಲಿ ಗೊಂಜಾಗ ಯೂನಿವರ್ಸಿಟಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿತು. ಹೆಚ್ಚೆಂದರೆ ಶಿಕ್ಷಣ ಇಲಾಖೆಗೆ ದೂರು ಕೊಡಬಹುದು, ಇಲಾಖೆ ಬೇಕಾದರೆ ಶಾಲೆಯ ಅನುದಾನ ನಿಲ್ಲಿಸಬಹುದು. ಅಂದರೆ ನಿಮ್ಮ ಮಗುವಿನ ಡೇಟಾ ಹೋದರೆ ಶಿಕ್ಷೆಯಾಗಿ ನಿಮ್ಮ ಮಗುವಿನ ಶಾಲೆಯ ದುಡ್ಡೇ ಕಟ್! ಇದನ್ನು ಯಾರು ಬರೆದರೋ ಅವರಿಗೆ ಒಂದು ಸನ್ಮಾನ ಮಾಡಬೇಕು, ಶಾಲು ಹಾರ ಹಾಕಿ. ಚಿಕ್ಕ ಮಕ್ಕಳ ಆನ್‌ಲೈನ್ ಖಾಸಗಿತನದ ಕಾನೂನು, ಕೋಪಾ, ಅದೂ ಅಷ್ಟೇ. ಸರ್ಕಾರ ಕೇಸು ಹಾಕಬಹುದು, ನೀವು ಹಾಕುವಂತಿಲ್ಲ.

ರಾಜ್ಯಗಳ ಅಟಾರ್ನಿ ಜನರಲ್‌ಗಳು, ಅಂದರೆ ರಾಜ್ಯ ಸರ್ಕಾರದ ಮುಖ್ಯ ವಕೀಲರು, ಕೇಸು ಹಾಕುತ್ತಾರೆ, ನಿಜ. 2025ರ ಸೆಪ್ಟೆಂಬರ್‌ನಲ್ಲಿ ಟೆಕ್ಸಸ್‌ನ ಕೆನ್ ಪ್ಯಾಕ್ಸ್‌ಟನ್ ಪವರ್‌ಸ್ಕೂಲ್ ಮೇಲೆ ಹಾಕಿದರು, 8.8 ಲಕ್ಷಕ್ಕೂ ಹೆಚ್ಚು ಟೆಕ್ಸಸ್ ಜನರ ಮಾಹಿತಿ ಹೋಗಿದೆ ಅಂತ. ಗೆದ್ದರೆ ದಂಡದ ದುಡ್ಡು ಹೆಚ್ಚಾಗಿ ರಾಜ್ಯದ ಖಜಾನೆಗೆ. ಪ್ಲೇನೊ, ಫ್ರಿಸ್ಕೊದಲ್ಲಿರುವ ನಮ್ಮವರು ಟಿವಿಯಲ್ಲಿ ನೋಡಿ ಚಪ್ಪಾಳೆ ತಟ್ಟಬಹುದು.

ಉಳಿಯುವುದು ಕಂಪನಿಯ ಮೇಲೆ ಕ್ಲಾಸ್ ಆಕ್ಷನ್, ಅಂದರೆ ಒಂದೇ ಥರ ನೊಂದವರೆಲ್ಲರ ಪರವಾಗಿ ಹಾಕುವ ಒಂದು ಕೇಸು. ಪವರ್‌ಸ್ಕೂಲ್ ಮೇಲೆ ದೇಶದ ಬೇರೆ ಬೇರೆ ಕಡೆ ಬಿದ್ದ ಕೇಸುಗಳನ್ನು 2025ರಲ್ಲಿ ಸ್ಯಾನ್ ಡಿಯಾಗೊದ ಫೆಡರಲ್ ಕೋರ್ಟಿಗೆ ಒಟ್ಟುಗೂಡಿಸಿದರು. ಇದಕ್ಕೆ ಸೇರಲು ನೀವು ಏನೂ ಮಾಡಬೇಕಾಗಿಲ್ಲ. ರಾಜಿ ಆದರೆ ನೋಟಿಸ್ ಬರುತ್ತದೆ, ಕ್ಲೇಮ್ ಫಾರ್ಮ್ ತುಂಬಬೇಕು, ಬೇಡ ಅಂದರೆ ಹೊರಗೆ ಬಂದು ಬೇರೆ ಕೇಸು ಹಾಕಬಹುದು. ಕೇಳುವುದಕ್ಕೆ ಚೆಂದ. ಆದರೆ ಸುಪ್ರೀಂ ಕೋರ್ಟಿನ 2021ರ ಟ್ರಾನ್ಸ್‌ಯೂನಿಯನ್ ತೀರ್ಪು ಅಡ್ಡ ಕೂತಿದೆ. ಮುಂದೆ ತೊಂದರೆ ಆಗಬಹುದು ಅನ್ನುವ ಭಯವೊಂದಕ್ಕೇ ಫೆಡರಲ್ ಕೋರ್ಟಿನಲ್ಲಿ ನಷ್ಟ ಪರಿಹಾರ ಕೇಳುವ ಹಾಗಿಲ್ಲ, ನಿಜವಾಗಿ ಆದ ಹಾನಿ ತೋರಿಸಿ ಅನ್ನುತ್ತದೆ. ಮಗುವಿಗೆ ಹಾನಿ ಗೊತ್ತಾಗುವುದು ಯಾವಾಗ? ಹದಿನೆಂಟಕ್ಕೆ. ಪ್ರೊಟೆಕ್ಷನ್ ಮುಗಿಯುವುದು ಯಾವಾಗ? ಒಂಬತ್ತಕ್ಕೆ. ನಾನು ಒಂದೇ ಮಾತನ್ನು ಎಷ್ಟು ಸಲ ಹೇಳುತ್ತಿದ್ದೇನೆ ಅಂತ ಬೇಜಾರಾದರೆ ಮೇಲೆ ಹೋಗಿ ಲೆಕ್ಕ ಇನ್ನೊಮ್ಮೆ ಓದಿ. ಕ್ಯಾಲಿಫೋರ್ನಿಯಾದಲ್ಲಿ ಮಾತ್ರ ಸ್ವಲ್ಪ ಬೇರೆ. ಅಲ್ಲಿನ ಕಾನೂನಿನಲ್ಲಿ ಹಾನಿಯ ಲೆಕ್ಕ ತೋರಿಸದೆಯೂ ತಲೆಗೆ 100ರಿಂದ 750 ಡಾಲರ್ ಕೇಳಬಹುದು (ಈಗ ಬೆಲೆ ಏರಿಕೆ ನೋಡಿ ಸ್ವಲ್ಪ ಏರಿಸಿದ್ದಾರೆ), ಅದೂ ಕಂಪನಿಗಳ ಮೇಲೆ, ಸರ್ಕಾರಿ ಶಾಲೆಗಳ ಮೇಲೆ ಅಲ್ಲ.

ಇನ್ನು ದುಡ್ಡು. ಜನರ ಸಾಲದ ದಾಖಲೆ ಇಡುವ ಎಕ್ವಿಫ್ಯಾಕ್ಸ್ ಕಂಪನಿ ನೆನಪಿದೆಯಾ? 2017ರಲ್ಲಿ 14.7 ಕೋಟಿ ಜನರ ಮಾಹಿತಿ ಹೋಯಿತು. 2019ರ ರಾಜಿಯಲ್ಲಿ ಮಾನಿಟರಿಂಗ್ ಬೇಡ ಅಂದವರಿಗೆ 125 ಡಾಲರ್ ಅಂತ ಸುದ್ದಿ. ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಹಬ್ಬವೋ ಹಬ್ಬ. ಆಮೇಲೆ ನೋಡಿದರೆ ಆ ಬಾಬ್ತಿಗೆ ತೆಗೆದಿಟ್ಟಿದ್ದೇ 31 ಮಿಲಿಯನ್. ಎರಡೂವರೆ ಲಕ್ಷ ಜನ ಕೇಳಿದರೆ ಡಬ್ಬ ಖಾಲಿ. ಕೇಳಿದ್ದು ಲಕ್ಷಾಂತರ ಜನ, ಪಾಲಿಗೆ ಬಂದದ್ದು ಚಿಲ್ಲರೆ.

"ಪಾಪ ಶಾಲೆಗಳ ಹತ್ತಿರ ದುಡ್ಡಿಲ್ಲ, ಕೇಸು ಹಾಕಿದರೆ ನಮ್ಮ ಮಕ್ಕಳಿಗೇ ನಷ್ಟ" ಅಂತ ಒಬ್ಬರು ನಿನ್ನೆ ನೀತಿ ಹೇಳಿದರು. ಅರ್ಧ ನಿಜ. ಟೀಚರುಗಳು ಸೀಮೆಸುಣ್ಣವನ್ನೂ ಕೈಯಿಂದ ಕೊಳ್ಳುವ ದೇಶ ಇದು. ಆದರೆ ಕೇಸು ಹಾಕಬೇಕಾದದ್ದು 5.6 ಬಿಲಿಯನ್‌ಗೆ ಮಾರಾಟವಾದ ಕಂಪನಿಯ ಮೇಲೆ ಅಲ್ವಾ? ಅದರ ಮೇಲೆ ಸ್ವತಃ ಕೆಲವು ಡಿಸ್ಟ್ರಿಕ್ಟ್‌ಗಳೇ ಕೋರ್ಟಿಗೆ ಹೋಗಿವೆ. ಡಿಸ್ಟ್ರಿಕ್ಟ್‌ನದೇ ತಪ್ಪು ಅಂತಾದರೂ ಸರ್ಕಾರಿ ಸಂಸ್ಥೆ ಅಂತ ಅದಕ್ಕೆ ಕೇಸಿನಿಂದ ರಕ್ಷಣೆ ಇದೆ, ಗಡುವೂ ಚಿಕ್ಕದು: ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯವಾಗಿ ಆರು ತಿಂಗಳಲ್ಲಿ, ನ್ಯೂಯಾರ್ಕ್‌ನಲ್ಲಿ 90 ದಿನದಲ್ಲಿ ಲಿಖಿತ ಕ್ಲೇಮ್ ಕೊಡಬೇಕು. ಪತ್ರವನ್ನು ಫ್ರಿಜ್ ಮೇಲೆ ಅಂಟಿಸಿ ಆಮೇಲೆ ನೋಡೋಣ ಅಂದವರ ಕಥೆ ಅಲ್ಲಿಗೆ ಮುಗಿಯಿತು.

ನಮ್ಮವರು ಯಾಕೆ ಇಷ್ಟು ಬೇಗ ಸುಮ್ನಾಗುತ್ತಾರೆ ಅಂತ ನನಗೆ ಗೊತ್ತು. ನಮ್ಮಪ್ಪನ ಒಂದೂವರೆ ಎಕರೆ ಜಮೀನಿನ ವ್ಯಾಜ್ಯ ತುಮಕೂರು ಕೋರ್ಟಿನಲ್ಲಿ ನಾನು ಹೈಸ್ಕೂಲಿನಲ್ಲಿದ್ದಾಗ ಶುರುವಾಗಿ, ನನಗೆ ಮದುವೆಯಾಗಿ, ಅಪ್ಪ ತೀರಿಹೋದ ಮೇಲೆ ಇತ್ಯರ್ಥವಾಯಿತು. ಗೆದ್ದವನು ಸೋತ, ಸೋತವನು ಸತ್ತ ಅನ್ನುವ ಗಾದೆಯನ್ನು ಅಮ್ಮ ಊಟಕ್ಕೆ ಬಡಿಸುವಾಗ ಹೇಳುತ್ತಿದ್ದಳು. ಈಗಲೂ ಕೋರ್ಟ್ ಅಂದರೆ ನನಗೆ ಹೊಟ್ಟೆಯಲ್ಲಿ ಒಂದು ಥರಾ ಆಗುತ್ತದೆ. ಅದರ ಮೇಲೆ ಇಲ್ಲಿ ವೀಸಾ ಭಯ. ನಿನ್ನೆ ಆ ತಾಯಿಯೂ ಮೆಲ್ಲಗೆ ಕೇಳಿದರು, ಕೇಸಿನಲ್ಲಿ ಹೆಸರು ಬಂದರೆ ಗ್ರೀನ್ ಕಾರ್ಡಿಗೆ ತೊಂದರೆ ಆಗುತ್ತದಾ ಅಂತ. ಇಲ್ಲ ತಾಯಿ. ಡೇಟಾ ಕಳೆದುಕೊಂಡದ್ದು ಅಪರಾಧವಲ್ಲ, ಪರಿಹಾರ ಕೇಳುವುದಕ್ಕೆ ಪೌರತ್ವ ಬೇಕಿಲ್ಲ. ಎಚ್-4 (ಕೆಲಸದ ವೀಸಾದವರ ಕುಟುಂಬಕ್ಕೆ ಕೊಡುವ ವೀಸಾ) ಮಕ್ಕಳಿಗೆ ಸಾಮಾನ್ಯವಾಗಿ ಎಸ್ಎಸ್ಎನ್ ಇರುವುದಿಲ್ಲ, ಹಾಗಾಗಿ ಆ ನಂಬರಿನ ಚಿಂತೆ ಅವರಿಗಿಲ್ಲ. ಆದರೆ ಹುಟ್ಟಿದ ದಿನ, ವಿಳಾಸ, ಅಲರ್ಜಿ, ಕಾಯಿಲೆ ವಿವರ ಎಲ್ಲ ಶಾಲೆಯ ಕಡತದಲ್ಲಿ ಇರುತ್ತವೆ.

ಊರಲ್ಲಿ ಕೂತು ನಗುವವರಿಗೆ ಒಂದು ಮಾತು. ನಮ್ಮ 2023ರ ಡಿಪಿಡಿಪಿ (ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣೆ) ಕಾನೂನಿನಲ್ಲಿ ದಂಡ 250 ಕೋಟಿವರೆಗೆ ಇದೆ, ಹೋಗುವುದು ಸರ್ಕಾರದ ಬೊಕ್ಕಸಕ್ಕೆ. ಐಟಿ ಕಾಯ್ದೆಯಲ್ಲಿ ನಮಗೆ ಪರಿಹಾರ ಕೊಡಿಸುತ್ತಿದ್ದ 43ಎ ಕಲಮನ್ನೇ ತೆಗೆಯುವ ಸಾಲು ಅದೇ ಕಾನೂನಿನಲ್ಲಿದೆ. ಬೆಂಗಳೂರಿನ ಸ್ಕೂಲ್ ಆ್ಯಪ್‌ಗಳಿಗೆ ಆಧಾರ್ ಅಪ್‌ಲೋಡ್ ಮಾಡುವಾಗ ನೆನಪಿರಲಿ.

ಆ ತಾಯಿಗೆ ಹೇಳಿದ್ದನ್ನೇ ಇಲ್ಲಿ ಹಾಕುತ್ತೇನೆ. ಎರಡು ವರ್ಷದ್ದು ತಗೊಳ್ಳಿ, ಫ್ರೀ ಇದೆ, ಬಿಡಬೇಡಿ. ಆದರೆ ನಿಜವಾದ ಕೆಲಸ ಕ್ರೆಡಿಟ್ ಫ್ರೀಜ್, ಅಂದರೆ ಮಗುವಿನ ಹೆಸರಲ್ಲಿ ಯಾರೂ ಹೊಸ ಸಾಲ ತೆಗೆಯದ ಹಾಗೆ ಸಾಲದ ದಾಖಲೆಗೇ ಬೀಗ. 2018ರ ಕಾನೂನಿನಿಂದ 16 ವರ್ಷದೊಳಗಿನ ಮಕ್ಕಳಿಗೆ ಪೋಷಕರು ಉಚಿತವಾಗಿ ಮಾಡಿಸಬಹುದು. ಸಾಲದ ದಾಖಲೆ ಇಡುವ ಎಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಮೂರೂ ಕಂಪನಿಗಳಿಗೆ ಬೇರೆ ಬೇರೆ ಕೇಳಬೇಕು. ಮಗುವಿನ ಹೆಸರಲ್ಲಿ ಫೈಲೇ ಇಲ್ಲದಿದ್ದರೆ ಒಂದು ದಾಖಲೆ ತೆರೆದು ಬೀಗ ಹಾಕಬೇಕು, ಅದು ಅವರ ಕರ್ತವ್ಯ. ಜನನ ಪ್ರಮಾಣಪತ್ರ, ಮಗುವಿನ ಎಸ್ಎಸ್ಎನ್ ಕಾರ್ಡ್, ನಿಮ್ಮ ಗುರುತಿನ ಚೀಟಿ, ಎಲ್ಲದರ ಕಾಪಿ ಅಂಚೆಯಲ್ಲಿ ಕಳಿಸಬೇಕಾಗುತ್ತದೆ. ತಲೆನೋವು ಹೌದು. ಆದರೆ ಇದು ಎರಡು ವರ್ಷಕ್ಕೆ ಮುಗಿಯುವುದಿಲ್ಲ, ನೀವು ತೆಗೆಸುವ ತನಕ ಇರುತ್ತದೆ. ಪತ್ರ, ಲಕೋಟೆ, ಫೋನ್ ಮಾಡಿದ ದಿನ, ಖರ್ಚಿನ ರಸೀದಿ ಎಲ್ಲ ಒಂದು ಕವರಿನಲ್ಲಿ ಇಟ್ಟುಕೊಳ್ಳಿ, ಕ್ಲೇಮ್ ಫಾರ್ಮಿನಲ್ಲಿ ಕೇಳುವುದು ಅದನ್ನೇ. "ನಿಮ್ಮ ಮಗುವಿನ ಪರಿಹಾರಕ್ಕೆ ಮುಂಗಡ 200 ಡಾಲರ್ ಕಟ್ಟಿ" ಅಂತ ಯಾರಾದರೂ ಫೋನ್ ಮಾಡಿದರೆ ಬೈದು ಇಡಿ. ನಿಜವಾದ ಕ್ಲಾಸ್ ಆಕ್ಷನ್ ವಕೀಲರು ನಿಮ್ಮ ಹತ್ತಿರ ಮುಂಗಡ ಕೇಳುವುದಿಲ್ಲ, ಗೆದ್ದ ಮೇಲೆ ದೊಡ್ಡ ತುಂಡು ಅವರೇ ಕತ್ತರಿಸಿಕೊಳ್ಳುತ್ತಾರೆ. ಅದರ ಬಗ್ಗೆ ಬೈಯುವುದು ಬೇರೆ ಪೋಸ್ಟ್‌ನಲ್ಲಿ.